ಗೆಂಡೆಯ ಗಂಟಲು

ಸುರಪುರದ ಮೀನು ಬಜಾರಿನಲ್ಲಿ ಸಾಯಬಮ್ಮನಷ್ಟು ಚೊಕ್ಕವಾಗಿ ಮೀನು ಹಸನು ಮಾಡುವವರು ಇನ್ನೊಬ್ಬರಿರಲಿಲ್ಲ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಅಂತ ಆಕೆ ಕಾಯುವವಳೂ ಅಲ್ಲ, ತಾನೇ ಹೇಳುತ್ತಿದ್ದಳು. ಈಳಿಗೆಯ ಮಣೆಯನ್ನು ಬಲಗಾಲಿನಡಿ ಒತ್ತಿ ಕೂತಳೆಂದರೆ ಮೀನಿನ ಹುರುಪೆ ಅತ್ತ, ಕರುಳು ಇತ್ತ, ನಡುವೆ ಬೆಳ್ಳಿಯ ತಟ್ಟೆಯಂಥ ಮೀನು. ಪಕ್ಕದಲ್ಲಿ ಕಾಯಿಪಲ್ಲೆ ಮಾರುವ ಅನ್ವರಬಿ, ಮದುವೆಯ ಹೆಣ್ಣಿಗೂ ಯಾರೂ ಇಷ್ಟು ತಿಕ್ಕಿ ನೀರು ಹಾಕುವುದಿಲ್ಲ ಅಂತ ಛೇಡಿಸುತ್ತಿದ್ದಳು. ಸಾಯಬಮ್ಮನಿಗೆ ಅದು ಛೇಡಿಸಿದ ಹಾಗೆ ಕೇಳಿಸುತ್ತಲೇ ಇರಲಿಲ್ಲ.

ಆಕೆಯ ಇನ್ನೊಂದು ಹೆಮ್ಮೆ ಮಗಳು ಅಯ್ಯಮ್ಮ. ಹುಣಸಗಿ ರಸ್ತೆಯ ಹಿರೇಕೆರೆಯ ದಂಡೆಗೆ ಮೀನು ಹಿಡಿಯುವವರ ಮನೆಗಳು ಇಪ್ಪತ್ತೊಂದು. ಆ ಇಪ್ಪತ್ತೊಂದರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾಲ್ಕು ಮಂದಿ, ಕಲಬುರಗಿಗೆ ಹೋಗಿ ಸಂಶೋಧನೆಗೆ ಕೂತದ್ದು ಅಯ್ಯಮ್ಮ ಒಬ್ಬಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇಲ್ಲಿ ಹಾಗಲ್ಲ, ಹುಡುಗಿ ನಿಜವಾಗಿಯೂ ಜಾಣೆ. ಆಕೆ ಹುಟ್ಟಿದ ದಿನವೇ ಸಾಯಬಮ್ಮ, ಈ ಕೂಸಿನ ಕೈಗೆ ಈಳಿಗೆ ಕೊಡುವುದಿಲ್ಲ ಅಂತ ಗಂಡ ವೆಂಕಪ್ಪನ ಮುಂದೆ ಆಣೆ ಮಾಡಿದ್ದಳು. ಮಾಡಿದ ಹಾಗೆ ನಡೆದುಕೊಂಡಳು ಕೂಡ. ಐದನೇ ಇಯತ್ತೆಗೆ ಹಾಸ್ಟೆಲ್ಲಿಗೆ ಹೋದ ಮಗಳು ರಜೆಗೆ ಬಂದಾಗ, ಹಸನು ಮಾಡುವ ಮೂಲೆಗೆ ಸುಳಿದರೂ ಗದರಿಸಿ ಪುಸ್ತಕದ ಮುಂದೆ ಕೂರಿಸುತ್ತಿದ್ದಳು.

ಆ ಪುಸ್ತಕಗಳೆಲ್ಲ ಕೂಡಿ ಮಗಳನ್ನು ತಿರುಗಿ ಕೆರೆಯ ಕೆಸರಿಗೇ ತಂದು ನಿಲ್ಲಿಸಿದವು. ಒಂದು ವರ್ಷದಿಂದ ಅಯ್ಯಮ್ಮ ಪ್ರತಿ ತಿಂಗಳು ಬಂದು, ಸೊಂಟಮಟ ನೀರಿನಲ್ಲಿ ಇಳಿದು, ತಳದ ರಾಡಿಯನ್ನು ಬಾಚಿ ತಂದು, ಜರಡಿ ಹಿಡಿಯುತ್ತಿದ್ದಳು. ಕೆಂಪು ಎಳೆಯಂಥ ಹುಳ, ಬಸವನಹುಳು, ಕಪ್ಪೆಚಿಪ್ಪು, ಏರೋಪ್ಲೇನ್ ಚಿಟ್ಟೆಯ ಮರಿ, ಎಲ್ಲವನ್ನೂ ಎಣಿಸಿ ಬಾಟಲಿಗೆ ಹಾಕುತ್ತಿದ್ದಳು. ಹದಿನೆಂಟು ವರ್ಷ ಓದಿಸಿ ರಾಡಿ ಸೋಸಲಿಕ್ಕೆ ಹಚ್ಚಿದಿಯಲ್ಲ ಅಂತ ಓಣಿಯವರು ನಕ್ಕರು. ನೀವು ದಿನಾ ತಿನ್ನುವ ಮೀನು ಏನು ತಿಂದು ಬೆಳೆಯಿತು ಅಂತ ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತೇನು ಅಂತ ಸಾಯಬಮ್ಮ ತಿರುಗಿ ಕೇಳಿದಳು. ಮಗಳು ಹೇಳಿದ್ದನ್ನೇ ಹೇಳಿದ್ದಳು, ಆದರೆ ಹೇಳಿದ ಗತ್ತು ಆಕೆಯದೇ.

ಮಗಳು ಉತ್ತರ ಹುಡುಕುತ್ತಿದ್ದ ಪ್ರಶ್ನೆ ದೊಡ್ಡದೇನಲ್ಲ, ಆದರೆ ಮೊಂಡು. ಕಾಲುವೆ ಬರುವ ಮೊದಲು ಹಿರೇಕೆರೆ ಶಿವರಾತ್ರಿಗೆಲ್ಲ ಒಣಗಿ ಬಿರುಕು ಬಿಡುತ್ತಿತ್ತು. ಕಾಲುವೆ ಬಂದು ಇಪ್ಪತ್ತೈದು ವರ್ಷ ದಾಟಿತು, ಮೇಲಿನ ಭತ್ತದ ಗದ್ದೆಗಳ ಬಸಿನೀರು ಇಳಿದು ಇಳಿದು ಕೆರೆ ಈಗ ಬೇಸಿಗೆಯಲ್ಲೂ ಬತ್ತುವುದಿಲ್ಲ. ನೀರು ನಿಂತಿತು, ಮೀನು ಹೆಚ್ಚಿತು, ಆದರೆ ಬಸವನಹುಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಅದನ್ನು ತಿನ್ನಲು ಬರುತ್ತಿದ್ದ ಕೊಕ್ಕರೆಗಳೂ ಬರುವುದು ಬಿಟ್ಟವು. ತಿನ್ನುವ ಕೊಕ್ಕರೆಯೇ ಇಲ್ಲದ ಮೇಲೆ ಹುಳು ಹೆಚ್ಚಬೇಕಲ್ಲ, ಯಾಕೆ ಕಮ್ಮಿ? ತಳದಲ್ಲಿ ಅದನ್ನು ತಿನ್ನುತ್ತಿರುವವರು ಯಾರು? ಹನ್ನೊಂದು ತಿಂಗಳು ಮೀನುಗಳ ಹೊಟ್ಟೆ ಸೀಳಿ ನೋಡಿದರೂ ಅಯ್ಯಮ್ಮನಿಗೆ ಒಂದು ಬಸವನಹುಳುವೂ ಸಿಕ್ಕಿರಲಿಲ್ಲ. ಕೆರೆಯಲ್ಲಿ ಸಾಕುವ ಗೆಂಡೆ ಮೀನಿನ ಕರುಳಲ್ಲಂತೂ ರಾಡಿ ಮತ್ತು ಮರಳು, ಇಷ್ಟೇ.

ಆ ಹೊಟ್ಟೆ ಸೀಳುವ ಕೆಲಸ ನಡೆಯುತ್ತಿದ್ದದ್ದು ಕಲಬುರಗಿಯಲ್ಲಿ. ಮುಂದೆ ಆದ ಎಡವಟ್ಟಿನ ಬೇರು ಇರುವುದೇ ಇಲ್ಲಿ. ಮಗಳು ತಿಂಗಳು ತಿಂಗಳೂ ಇಡಿ ಮೀನುಗಳನ್ನು ಬರ್ಫಿನ ಡಬ್ಬಿಯಲ್ಲಿಟ್ಟು ಒಯ್ಯುತ್ತಿದ್ದಳು. ಅಲ್ಲಿನ ಮಾಸ್ತರರು ಅವನ್ನು ತಿನ್ನುತ್ತಾರೆ ಅಂತ ಸಾಯಬಮ್ಮ ತಿಳಿದಿದ್ದಳು. ತನ್ನ ಕೆರೆಯ ಮೀನು ಅಷ್ಟು ಓದಿದವರ ಬಾಯಿಗೆ ಹೋಗುತ್ತದೆ ಅಂತ ಹಿಗ್ಗು, ಆದರೆ ಹಸನು ಮಾಡದೆ ಹೋಗುತ್ತದಲ್ಲ ಅಂತ ಒಳಗೊಳಗೇ ನಾಚಿಕೆ. ಅವರ ಮಂದಿಯಲ್ಲಿ ದೊಡ್ಡವರಿಗೆ ಹೊಟ್ಟೆ ತೆಗೆಯದ ಮೀನು ಕೊಡುವುದೆಂದರೆ ಮಾರಿಯ ಮೇಲೆ ಹೊಡೆದಷ್ಟೇ ಅಪಮಾನ.

ಹನ್ನೆರಡನೆಯ ತಿಂಗಳು ಏಪ್ರಿಲ್. ಮಗಳಿಗೆ ದಾರಿ ತೋರಿಸುವ ಮೌನಪ್ಪ ಸರ್ ತಾವೇ ಕಲಬುರಗಿಯಿಂದ ಬರುವವರಿದ್ದರು. ಒಂದು ವರ್ಷದ ಲೆಕ್ಕ ತುಂಬಿದೆಯೋ ಇಲ್ಲವೋ ನೋಡಿ, ಇನ್ನು ಬರೆಯಲು ಕೂಡು ಅಂತ ಒಪ್ಪಿಗೆ ಕೊಡುವವರು ಅವರೇ. ಒಂದು ತಿಂಗಳು ತಪ್ಪಿದರೂ ಮತ್ತೆ ಮೊದಲಿನಿಂದ ಅಂತ ಅವರು ಮೊದಲ ದಿನವೇ ಹೇಳಿದ್ದರು. ಕಾಲುವೆಗೆ ನೀರು ಬಿಡುವುದು ಆ ವಾರ ನಿಂತಿತ್ತು. ಕೆರೆ ತಗ್ಗಿದ್ದನ್ನು ನೋಡಿ ಮೀನಿನ ಗುತ್ತಿಗೆದಾರ ಶಾಂತಪ್ಪ ಬೆಳಗಾಗುವುದರೊಳಗೆ ದೊಡ್ಡ ಬಲೆ ಎಳೆಸಿ ಇದ್ದ ಮೀನನ್ನೆಲ್ಲ ಟೆಂಪೋಕ್ಕೆ ಹೇರಿಸಿದ. ಬಲೆ ಎಳೆದವರಲ್ಲಿ ವೆಂಕಪ್ಪನೂ ಒಬ್ಬ. ಅವನು ಕೇಳಿಕೊಂಡು ಇಪ್ಪತ್ನಾಲ್ಕು ಗೆಂಡೆ ಎತ್ತಿಟ್ಟ. ಟೆಂಪೋ ಹೈದರಾಬಾದಿನ ಹಾದಿ ಹಿಡಿದ ಮೇಲೆ ಕೆರೆಯಲ್ಲಿ ಉಳಿದದ್ದು ಕಿರುಬೆರಳಿನಷ್ಟು ಮೀನು. ಇನ್ನು ಗೆಂಡೆಯ ಮರಿ ಬಿಡುವುದು ಮಳೆಗಾಲಕ್ಕೆ.

ಅಯ್ಯಮ್ಮ ಆ ಇಪ್ಪತ್ನಾಲ್ಕನ್ನು ಪುಟ್ಟಿಗೆ ಹಾಕಿ, ಹಸಿ ಗೋಣಿತಟ್ಟು ಹೊಚ್ಚಿ, ಸರ್ ಅವರನ್ನು ಕರೆತರಲು ಸುರಪುರದ ಬಸ್‌ಸ್ಟ್ಯಾಂಡಿಗೆ ಹೊರಟಳು. ಹೊರಡುವಾಗ, ಸರ್ ಬರುತ್ತಾರೆ, ಮೀನು ಜೋಕೆ ಅಂತ ಅವ್ವನಿಗೆ ಹೇಳಿದಳು. ಬೆಕ್ಕು ಬಾಯಿ ಹಾಕದಂತೆ ನೋಡು ಅನ್ನುವುದು ಅದರ ಅರ್ಥ. ಸಾಯಬಮ್ಮನಿಗೆ ಆದ ಅರ್ಥ ಬೇರೆ. ಹನ್ನೊಂದು ತಿಂಗಳ ನಾಚಿಕೆ ತೊಳೆದುಕೊಳ್ಳಲು ದೇವರೇ ಒಂದು ದಿನ ಕೊಟ್ಟನಲ್ಲ ಅಂದುಕೊಂಡಳು. ಈಳಿಗೆಯನ್ನು ಕಲ್ಲಿಗೆ ಮಸೆದು ಕೂತಳು.

ಅಷ್ಟು ಮನಸ್ಸಿಟ್ಟು ಆಕೆ ತನ್ನ ಮದುವೆಯ ಊಟಕ್ಕೂ ಮೀನು ಹಸನು ಮಾಡಿರಲಿಲ್ಲ. ಹುರುಪೆ ತೆಗೆದಳು, ಹೊಟ್ಟೆ ಸೀಳಿದಳು, ಕರುಳು ಎಳೆದಳು. ತಲೆಯನ್ನು ಮಾತ್ರ ಮುಟ್ಟಲಿಲ್ಲ, ಬಂದ ದೊಡ್ಡವರಿಗೆ ತಲೆಯನ್ನು ಇಡಿಯಾಗಿ ಬಡಿಸುವುದು ಪದ್ಧತಿ. ಕಿವಿರು, ಗಂಟಲು ಬಿಡಿಸುವುದು ಒಲೆಗೆ ಎಸರಿಟ್ಟ ಮೇಲಿನ ಕೆಲಸ. ಉಪ್ಪು, ಅರಿಶಿನ ಹಚ್ಚಿ ಮೂರು ಸಲ ತೊಳೆದಳು. ಕರುಳನ್ನು ಹಿತ್ತಲಿಗೆ ಎರಚಿದಳು. ಓಣಿಯ ಕೋಳಿಗಳೆಲ್ಲ ಅಲ್ಲೇ ನೆರೆದವು.

ಹನ್ನೊಂದು ಗಂಟೆಗೆ ಆಟೊ ನಿಂತಿತು. ಮೌನಪ್ಪ ಸರ್ ಬಿಳಿ ಕೂದಲಿನ, ನಿಧಾನ ಮಾತಿನ ಮನುಷ್ಯ, ಶಹಾಪುರ ಕಡೆಯವರೇ. ಅಯ್ಯಮ್ಮ ಬಂದವಳೇ ಪುಟ್ಟಿಯ ಗೋಣಿತಟ್ಟು ಎತ್ತಿದಳು. ಇಪ್ಪತ್ನಾಲ್ಕು ಗೆಂಡೆ ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಸಾಯಬಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಶಾಭಾಸ್ ಅನ್ನುವ ಮಾತಿಗೆ ಕಾಯುತ್ತ ನಿಂತಿದ್ದಳು.

"ಯವ್ವಾ, ಕರುಳು ಎಲ್ಲಿ ಅದಾವ?" ಅಂದಳು ಅಯ್ಯಮ್ಮ.

"ಕರುಳು ಯಾಕ? ಕೋಳಿಗಿ ಹಾಕೀನಿ."

ಅಯ್ಯಮ್ಮ ಹಿತ್ತಲಿಗೆ ಓಡಿದಳು. ಕೋಳಿಗಳು ಬಂಡೆಗೆ ಕೊಕ್ಕು ತಿಕ್ಕಿಕೊಳ್ಳುತ್ತಿದ್ದವು. ತಿರುಗಿ ಬಂದ ಮಗಳು ಬೈಯಲಿಲ್ಲ, ಅಳಲಿಲ್ಲ, ಪುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಸಂಕಟವಾದದ್ದು ಸಾಯಬಮ್ಮನಿಗೆ. ವೆಂಕಪ್ಪ ಮೆಲ್ಲಗೆ ಎಲ್ಲವನ್ನೂ ಬಿಡಿಸಿ ಹೇಳಿದ: ಮೀನು ತಿನ್ನಲಿಕ್ಕಲ್ಲ, ಹೊಟ್ಟೆಯಲ್ಲಿ ಏನಿದೆ ಅಂತ ನೋಡಲಿಕ್ಕೆ, ಹನ್ನೊಂದು ತಿಂಗಳೂ ಅದಕ್ಕೇ ಒಯ್ದದ್ದು, ಕೆರೆಯಲ್ಲಿ ಇನ್ನು ಗೆಂಡೆ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದರೆ ಹಣ್ಣಷ್ಟೇ ಹೋಗುತ್ತದೆ, ತಾನು ಮಗಳ ಇಡೀ ವರ್ಷವನ್ನೇ ತೊಳೆದುಬಿಟ್ಟಿದ್ದಳು.

ಮೌನಪ್ಪ ಸರ್ ಯಾರನ್ನೂ ದೂರಲಿಲ್ಲ. ಹೊರಸಿನ ಮೇಲೆ ಕೂತು ನೀರು ಕುಡಿದರು. ಆಮೇಲೆ, ನಿಯಮ ತಾವು ಮಾಡಿದ್ದಲ್ಲ, ಕಮಿಟಿಯದು, ಮಳೆಗಾಲದಿಂದ ಮತ್ತೊಮ್ಮೆ ಶುರು ಮಾಡೋಣ ಅಂತ ಅಯ್ಯಮ್ಮನಿಗೆ ಸಮಾಧಾನ ಹೇಳಿದರು. ಆ ಸಮಾಧಾನ ಸಾಯಬಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸುಮ್ಮನೆ ಕೂರುವ ಹೆಂಗಸಲ್ಲ ಆಕೆ. ಆ ಕರುಳಿನಲ್ಲಿ ನೀವು ಹುಡುಕುತ್ತಿದ್ದದ್ದಾದರೂ ಏನು ಅಂತ ಕೇಳಿದಳು. ಒಂದು ವರ್ಷದಲ್ಲಿ ಆಕೆ ಈ ಮಾತು ಕೇಳಿದ್ದು ಇದೇ ಮೊದಲು, ಮಗಳು ಬಿಡಿಸಿ ಹೇಳಿದ್ದೂ ಇದೇ ಮೊದಲು. ಬಸವನಹುಳುವನ್ನು ಯಾರು ತಿನ್ನುತ್ತಾರೆ ಅಂತ ಹುಡುಕುತ್ತಿದ್ದೇನೆ, ಹನ್ನೊಂದು ತಿಂಗಳಲ್ಲಿ ಎಲ್ಲೂ ಸಿಗಲಿಲ್ಲ ಅಂದಳು ಅಯ್ಯಮ್ಮ, ತಲೆ ಎತ್ತದೆ.

ಸಾಯಬಮ್ಮ ಮಗಳನ್ನು ನೋಡಿದಳು, ಸರ್ ಅವರನ್ನು ನೋಡಿದಳು. ಇಷ್ಟು ಓದಿದವರು ತಮಾಷೆ ಮಾಡುತ್ತಿಲ್ಲ ಅಂತ ಖಾತ್ರಿಯಾಗಲು ಆಕೆಗೆ ತುಸು ಹೊತ್ತು ಬೇಕಾಯಿತು.

"ಗೆಂಡಿ ತಿಂತದ," ಅಂದಳು. "ಕರುಳಾಗ ಹುಡುಕಿದ್ರ ಹ್ಯಾಂಗ ಸಿಗತಾವ? ಗೆಂಡಿಗಿ ಬಾಯಾಗ ಹಲ್ಲಿಲ್ಲ, ಗಂಟಲಾಗ ಅದಾವ. ಅಲ್ಲೇ ಅರದು ನುಂಗತದ."

ಮೌನಪ್ಪ ಸರ್ ಲೋಟ ಕೆಳಗಿಟ್ಟರು. ಗೆಂಡೆಯ ಗಂಟಲಲ್ಲಿ ಹಲ್ಲಿರುವ ಸಂಗತಿ ಅವರಿಗೆ ಗೊತ್ತಿತ್ತು, ಮೂವತ್ತು ವರ್ಷ ಅದರ ಚಿತ್ರ ಬರೆದು ಪಾಠ ಮಾಡಿದವರು. ಆದರೆ ಈ ಕೆರೆಯ ಗೆಂಡೆ ಬಸವನಹುಳು ತಿನ್ನುತ್ತದೆ ಅಂತ ನಿಮಗೆ ಹೇಗೆ ಗೊತ್ತು ಅಂತ ಕೇಳಿದರು. ತಲೆಯ ಸಾರಿನಲ್ಲಿ ಕರಕರ ಬಂದರೆ ಗಿರಾಕಿ ಮತ್ತೆ ಬರುವುದಿಲ್ಲ, ಅದಕ್ಕೇ ಮಾರುವ ಮೊದಲು ಗಂಟಲಿಗೆ ಕಡ್ಡಿ ಹಾಕಿ ಚಿಪ್ಪಿನ ಚೂರು ತೆಗೆಯುತ್ತೇವೆ, ಇದು ಬಜಾರಿನಲ್ಲಿ ಕೂರುವ ಯಾವ ಹೆಂಗಸಿಗೂ ಗೊತ್ತು ಅಂದಳು ಸಾಯಬಮ್ಮ. ಈ ಪುಟ್ಟಿಯ ಗಂಟಲುಗಳನ್ನು ತಾನು ಇನ್ನೂ ಮುಟ್ಟಿಲ್ಲ ಅಂತಲೂ ಹೇಳಿದಳು.

ಅಯ್ಯಮ್ಮ ಎದ್ದು ನಿಂತಳು. ಅವ್ವನ ಹತ್ತಿರ ಬಂದು, ಹೇಗೆ ಬಿಡಿಸುತ್ತಿ ತೋರಿಸು ಅಂದಳು. ಸಾಯಬಮ್ಮ ಮಣೆಯನ್ನು ಕಾಲಿನಿಂದ ಎಳೆದುಕೊಂಡಳು, ಒಂದು ಗೆಂಡೆಯನ್ನು ಎತ್ತಿದಳು, ಆಮೇಲೆ ಏನನ್ನಿಸಿತೋ, ಮಣೆಯನ್ನು ಮಗಳ ಕಡೆಗೆ ಸರಿಸಿದಳು.

"ನೀ ಕೂಡು," ಅಂದಳು. "ನಾ ಹೇಳತೀನಿ."

ಇಪ್ಪತ್ತೇಳು ವರ್ಷದ ಆಣೆ ಹಾಗೆ ಮುರಿಯಿತು. ಮಗಳ ಪಾದ ಮಣೆಯ ಮೇಲೆ ಸರಿಯಾಗಿ ಕೂರಲಿಲ್ಲ, ಆಕೆಯೇ ಹಿಡಿದು ಕೂರಿಸಿದಳು. ಕಿವಿರು ಮೇಲೆತ್ತು, ಹಿಂದೆ ಬೆರಳು ಹಾಕು, ಗಟ್ಟಿ ತಾಗುತ್ತದೆ, ಅದರ ಕೆಳಗೆ ಕೊಯ್ಯಿ. ಅಯ್ಯಮ್ಮ ಕೊಯ್ದಳು. ಬಟಾಣಿ ಗಾತ್ರದ ಹಲ್ಲುಗಳ ಎರಡು ಸಾಲು ಹೊರಬಂದವು, ದನದ ದವಡೆಯ ಹಲ್ಲಿನ ಹಾಗೆ ಮೇಲೆ ಚಪ್ಪಟೆ. ಆ ಹಲ್ಲಿನ ಸಂದಿಯಲ್ಲಿ ಕಂದು ಬಣ್ಣದ ಚಿಪ್ಪಿನ ಚೂರುಗಳು ಸಿಕ್ಕಿಕೊಂಡಿದ್ದವು. ಒಂದು ಪುಟ್ಟ ದುಂಡನೆಯ ಮುಚ್ಚಳವೂ ಇತ್ತು. ಬಸವನಹುಳು ಒಳಗೆ ಸರಿದು ಬಾಗಿಲು ಹಾಕಿಕೊಳ್ಳುವ ಮುಚ್ಚಳ ಅದು. ಅಯ್ಯಮ್ಮ ಜರಡಿಯಲ್ಲಿ ಸಾವಿರ ಸಲ ನೋಡಿದ್ದು, ಮೀನಿನಲ್ಲಿ ನೋಡಿದ್ದು ಇದೇ ಮೊದಲು.

ಹತ್ತೊಂಬತ್ತು ಗಂಟಲುಗಳಲ್ಲಿ ಚಿಪ್ಪು ಸಿಕ್ಕಿತು. ಸರ್ ಭೂತಗನ್ನಡಿ ಹಿಡಿದು ನೆಲದ ಮೇಲೇ ಕೂತುಬಿಟ್ಟಿದ್ದರು. ಹಾಗಾದರೆ ಹನ್ನೊಂದು ತಿಂಗಳು ಕರುಳಲ್ಲಿ ಸಿಕ್ಕ ಮರಳು ಮರಳೇ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಈಗ ಎದ್ದಿತು. ಮಾರ್ಚ್ ತಿಂಗಳ ಕರುಳಿನ ಮರಳನ್ನು ಸ್ಪಿರಿಟ್ಟಿನಲ್ಲಿಟ್ಟ ಒಂದು ಬಾಟಲಿಯನ್ನು ಸರ್ ಲೆಕ್ಕ ನೋಡಲು ಕಲಬುರಗಿಯಿಂದ ತಂದಿದ್ದರು. ಅಯ್ಯಮ್ಮ ಅದರಿಂದ ಒಂದು ಚಿಟಿಕೆ ತೆಗೆದು ಗಾಜಿನ ಮೇಲೆ ಹರವಿದಳು. ಚಿಪ್ಪಿನಲ್ಲಿ ಸುಣ್ಣವಿರುತ್ತದೆ, ಹುಳಿ ಬಿದ್ದರೆ ನೊರೆ ಏಳುತ್ತದೆ, ಮರಳಾದರೆ ಏನೂ ಆಗುವುದಿಲ್ಲ ಅಂತ ಅವ್ವನಿಗೆ ತಿಳಿಸಿ, ಒಂದು ನಿಂಬೆಹಣ್ಣು ಕೇಳಿದಳು. ಹಿಂಡಿದಳು. ಭೂತಗನ್ನಡಿಯ ಕೆಳಗೆ ಒಂದೊಂದು ಕಣದ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದವು.

ಸರ್ ಅಷ್ಟಕ್ಕೇ ಒಪ್ಪುವವರಲ್ಲ. ಶಹಾಪುರದ ಹತ್ತಿರ ಗೋಗಿಯ ಕಡೆ ನೆಲದಲ್ಲೇ ಸುಣ್ಣದ ಕಲ್ಲಿದೆ, ಅಲ್ಲಿಯ ಮರಳಿಗೆ ಹುಳಿ ಬಿದ್ದರೂ ಗುಳ್ಳೆ ಬರುತ್ತದೆ, ಇಲ್ಲಿಯದು ಹಾಗಲ್ಲ ಅಂತ ಯಾರು ಹೇಳಬೇಕು ಅಂದರು. ಹೇಳುವುದೇಕೆ, ವೆಂಕಪ್ಪ ಹೋಗಿ ಕೆರೆಯ ಮೂರು ಕಡೆಯಿಂದ ಮೂರು ಮುಷ್ಟಿ ಮರಳು ತಂದ. ಇನ್ನೂ ಮೂರು ನಿಂಬೆಹಣ್ಣು ಹೋದವು. ಮೂರೂ ಮರಳು ಹುಳಿ ಕುಡಿದು ತೆಪ್ಪಗೆ ಕೂತವು. ಸರ್ ಕನ್ನಡಕ ತೆಗೆದು ಒರೆಸಿದರು. ಹನ್ನೊಂದು ತಿಂಗಳು ಆ ಬಾಟಲಿಗಳ ಮೇಲೆ ಮರಳು ಅಂತ ಬರೆದದ್ದಕ್ಕೆ ರುಜು ಹಾಕಿದವರು ಅವರೇ. ಅದನ್ನು ಅವರು ಆ ತಾಯಿ ಮಗಳ ಮುಂದೆ ಬಾಯಿಬಿಟ್ಟು ಹೇಳಿದರು.

ಊಟಕ್ಕೆ ಕೂತಾಗ ಸಾಯಬಮ್ಮನಿಗೆ ಹೊಸ ಚಿಂತೆ. ತಲೆಗಳೆಲ್ಲ ಬರ್ಫಿನ ಡಬ್ಬಿ ಸೇರಿದ್ದವು, ದೊಡ್ಡವರಿಗೆ ಬರೀ ಮುಂಡ ಬಡಿಸಬೇಕಾಯಿತು. ಸರ್ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡರು, ಒಂದು ಮುಳ್ಳೂ ಕರಕರ ಅನ್ನಲಿಲ್ಲ ಅಂದರು. ಬೆಳಗಿನಿಂದ ಕಾದಿದ್ದ ಶಾಭಾಸಿಗಿಂತ ಅದು ಏನೂ ಕಡಿಮೆಯಿರಲಿಲ್ಲ.

ಕೈ ತೊಳೆದ ಮೇಲೆ ಅವರು ತಮ್ಮ ತೀರ್ಮಾನ ಹೇಳಿದರು. ಹನ್ನೊಂದು ತಿಂಗಳ ಬಾಟಲಿಗಳನ್ನು ಮತ್ತೆ ತೆರೆದು ಹುಳಿ ಹಾಕಿ ನೋಡಬೇಕು. ಏಪ್ರಿಲ್ಲಿಗೆ ಕರುಳಿಲ್ಲ, ನಿಜ, ಆದರೆ ಕೇಳಿದ ಪ್ರಶ್ನೆಗೆ ಕರುಳಿಗಿಂತ ಗಂಟಲೇ ಚೆನ್ನಾಗಿ ಉತ್ತರ ಹೇಳಿದೆ. ಈ ತಿಂಗಳನ್ನು ಎಣಿಕೆಗೆ ಹಿಡಿಯಿರಿ ಅಂತ ಕಮಿಟಿಯ ಮುಂದೆ ನಿಂತು ಕೇಳಲು ತಾವು ತಯಾರು. ಕಮಿಟಿಯವರು ಮೊದಲು ಕೇಳುವುದು, ಇಪ್ಪತ್ನಾಲ್ಕು ಮೀನಿನ ಕರುಳು ಏನಾಯಿತು ಅಂತ. ಅದನ್ನು ಈಗಲೇ, ಇಲ್ಲಿಯೇ ದಿನಚರಿಯಲ್ಲಿ ಬರೆ ಅಂದರು.

ಅಯ್ಯಮ್ಮ ದಿನಚರಿ ತೆಗೆದು ಒಂದು ಸಾಲು ಬರೆದಳು. ಬರೆದದ್ದನ್ನು ಸರ್ ಕಡೆ ಹಿಡಿದಳು. ಅವರು ಓದಿ, ಒಮ್ಮೆ ಸಾಯಬಮ್ಮನ ಕಡೆ ನೋಡಿ, ದಿನಚರಿಯನ್ನು ತಿರುಗಿ ಕೊಟ್ಟರು. ಆ ನೋಟ ಆಕೆಗೆ ಸೇರಲಿಲ್ಲ. ಏನು ಬರೆದಿ, ಓದು ಅಂದಳು. ಮಗಳು ಹಿಂದೆ ಮುಂದೆ ನೋಡಿ ಓದಿದಳು: "ಅನಿವಾರ್ಯ ಕಾರಣಗಳಿಂದ ಈ ತಿಂಗಳ ಕರುಳುಗಳು ಲಭ್ಯವಾಗಲಿಲ್ಲ."

ಹಾಗೆಂದರೇನು ಅಂತ ಸಾಯಬಮ್ಮ ಕೇಳಿದಳು. ಯಾರ ಕೈಯಲ್ಲೂ ಇರಲಿಲ್ಲ, ತಪ್ಪಿಸಲು ಆಗಲಿಲ್ಲ ಅಂತ ಅರ್ಥ ಅಂದಳು ಮಗಳು. ಅವ್ವನ ಹೆಸರಿಗೆ ಕಪ್ಪು ಬರಬಾರದು ಅನ್ನುವುದು ಆಕೆಯ ಆಸೆ. ಸಾಯಬಮ್ಮನ ಮೂಗು ಕೆಂಪಾಯಿತು.

"ಅನಿವಾರ್ಯ ಏನದ ಅದರಾಗ? ನನ್ನ ಕೈಯಾಗೇ ಇದ್ದವು. ನಾನೇ ತಗದೀನಿ, ನಾನೇ ಕೋಳಿಗಿ ಹಾಕೀನಿ. ಹಂಗ ಬರಿ."

"ನಿನ್ನ ತಪ್ಪು ಅಂತ ಅಲ್ಲಿ ಎಲ್ಲಾರೂ ಓದತಾರವ್ವ."

"ಓದಲಿ. ಒಂದು ಮೀನಿನ ಕಿವಿರು ಮುಚ್ಚಿಟ್ಟರ ಗಿರಾಕಿಗಿ ಇಡೀ ಬುಟ್ಟಿ ಮ್ಯಾಲ ಅನುಮಾನ ಬರತದ. ಇದೊಂದು ಸುಳ್ಳು ಬರದಿ ಅಂದ್ರ, ಗಂಟಲಾಗ ಸಿಕ್ಕಿದ್ದೂ ಸುಳ್ಳ ಅಂತಾರ."

ಮೌನಪ್ಪ ಸರ್ ಮೆಲ್ಲಗೆ ತಲೆಯಾಡಿಸಿದರು. ಈ ಮಾತನ್ನು ತಾವು ಮಕ್ಕಳಿಗೆ ಹೇಳುವಾಗ ಒಂದು ತಾಸು ಹಿಡಿಯುತ್ತದೆ ಅಂದರು. ಅಯ್ಯಮ್ಮ ಮೊದಲಿನ ಸಾಲಿಗೆ ಗೀಟು ಎಳೆದಳು. ಅದರ ಕೆಳಗೆ ನಿಧಾನವಾಗಿ, ದುಂಡಗೆ ಬರೆದಳು. ಬರೆಯುವಾಗ ಆಕೆಯ ಕಣ್ಣು ತುಂಬಿದ್ದವು, ಅದನ್ನು ಆಕೆ ಮರೆಮಾಚಲಿಲ್ಲ. ಬರೆದು ಮುಗಿಸಿ ಗಟ್ಟಿಯಾಗಿ ಓದಿದಳು:

"ಈ ತಿಂಗಳ ಇಪ್ಪತ್ನಾಲ್ಕು ಗೆಂಡೆಗಳ ಕರುಳನ್ನು ಹಿರೇಕೆರೆಯ ಸಾಯಬಮ್ಮ ತಿಳಿಯದೆ ತೆಗೆದು ಕೋಳಿಗಳಿಗೆ ಹಾಕಿದರು. ಗಂಟಲಿನ ಹಲ್ಲುಗಳಲ್ಲಿ ನೋಡಬೇಕೆಂದು ಹೇಳಿ, ಬಿಡಿಸುವುದನ್ನು ನನಗೆ ಕಲಿಸಿದವರೂ ಹಿರೇಕೆರೆಯ ಸಾಯಬಮ್ಮನೇ."

ಸಾಯಬಮ್ಮ ಇನ್ನೊಮ್ಮೆ ಓದಿಸಿದಳು. ಆಮೇಲೆ ದಿನಚರಿಯನ್ನು ತನ್ನ ಮೊಳಕಾಲ ಮೇಲೆ ಇಟ್ಟುಕೊಂಡು, ಓದು ಬಾರದ ಕಣ್ಣಿನಿಂದ ಆ ಸಾಲುಗಳನ್ನು ಉದ್ದಕ್ಕೂ ನೋಡಿದಳು. ತನ್ನ ಹೆಸರು ಎಲ್ಲಿದೆ ತೋರಿಸು ಅಂದಳು. ಅಯ್ಯಮ್ಮ ಅವ್ವನ ಬೆರಳು ಹಿಡಿದು ಮೊದಲು ಮೇಲಿನ ಸಾಲಿನ ಹೆಸರಿನ ಮೇಲೆ ಇಟ್ಟಳು, ಆಮೇಲೆ ಕೆಳಗಿನ ಸಾಲಿನ ಹೆಸರಿನ ಮೇಲೆ.

"ಎರಡೂ ನಂದೇ ಏನು?"

"ಹೌದವ್ವ, ಎರಡೂ ನಿಂದೇ."

"ಹಂಗಾದ್ರ ಸರಿ ಆತು," ಅಂದಳು ಸಾಯಬಮ್ಮ. "ಒಯ್ದು ತೋರಸು."